ಬೆಳ್ಳಿ ರೂಪಾಯಿಯ ಮೇಲಿನ ಉಬ್ಬುಗೆರೆ: ಅಚ್ಚಿನ ಬಿರುಕನ್ನು ಓದುವುದು ಹೇಗೆ?

ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಹಾಕಿದವರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಿಲ್ಲ. ಹಳೆಯ ಮರದ ಅಚ್ಚಿನಲ್ಲಿ, ಆನೆಯ ಸೊಂಡಿಲ ಪಕ್ಕದಲ್ಲೋ ತುಳಸಿಕಟ್ಟೆಯ ಬುಡದಲ್ಲೋ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತದೆ. ಪಾಕ ಆ ಸೀಳಿಗೂ ಇಳಿಯುತ್ತದೆ. ಆರಿದ ಮೇಲೆ ಬಿಡಿಸಿದರೆ ಆನೆಯ ಮೈಮೇಲೆ ಸಣ್ಣದೊಂದು ಉಬ್ಬುಗೆರೆ. ಆ ವರ್ಷದ ಆನೆಗಳಿಗೆಲ್ಲ ಅದೇ ಜಾಗದಲ್ಲಿ ಅದೇ ಗೆರೆ. ಮರುವರ್ಷ ಅದು ಇನ್ನೊಂದು ಬೆರಳು ಉದ್ದ.

ಬೆಳ್ಳಿ ನಾಣ್ಯದ ಮೇಲಿನ ‘ಡೈ ಕ್ರ್ಯಾಕ್’ ಕೂಡ ಇದೇ. ಮರದ ಬದಲು ಉಕ್ಕಿನ ಅಚ್ಚು, ಪಾಕದ ಬದಲು ಟನ್‌ಗಟ್ಟಲೆ ಒತ್ತಡಕ್ಕೆ ಸಿಕ್ಕ ಬೆಳ್ಳಿ ಬಿಲ್ಲೆ. ಒಡೆದದ್ದು ಅಚ್ಚು, ನಾಣ್ಯ ಅಲ್ಲ. ಇಷ್ಟು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಕಳೆದಂತೆ. ಉಳಿದರ್ಧಕ್ಕೆ ಒಂದು ಲೂಪ್ (ಕಣ್ಣಿಗೆ ಹಿಡಿದು ನೋಡುವ ಭೂತಗನ್ನಡಿ), ಒಂದು ದೀಪ ಮತ್ತು ಸ್ವಲ್ಪ ತಾಳ್ಮೆ ಸಾಕು.

ಈ ಬರಹದಲ್ಲಿ ಎರಡು ನಾಣ್ಯಗಳನ್ನು ಮುಂದಿಟ್ಟುಕೊಂಡಿದ್ದೇನೆ. ಒಂದು ನಮ್ಮ ಮನೆಗಳ ಪೂಜೆ ಡಬ್ಬಿಯಲ್ಲಿ ಇವತ್ತಿಗೂ ಸಿಗುವ ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ: 11.66 ಗ್ರಾಂ ತೂಕ, ನೂರಕ್ಕೆ 91.7 ಪಾಲು ಬೆಳ್ಳಿ. ಇನ್ನೊಂದು ಅಮೆರಿಕದ ಮಾರ್ಗನ್ ಡಾಲರ್. ಅಚ್ಚಿನ ಬಿರುಕುಗಳನ್ನು ಜನ ಒಂದೊಂದಾಗಿ ಪಟ್ಟಿ ಮಾಡಿ, ನಂಬರು ಕೊಟ್ಟು ಕೂಡಿಸಿಟ್ಟ ನಾಣ್ಯ ಅದು. ಇವೆರಡಕ್ಕೂ ನೆಂಟಸ್ತನವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು: ಏನೂ ಉಜ್ಜಬೇಡಿ

ಗೆರೆ ಚೆನ್ನಾಗಿ ಕಾಣಲೆಂದು ಹುಣಸೆಹಣ್ಣು, ಸಬೀನಾ ಪುಡಿ, ವಿಭೂತಿ, ಟೂತ್‌ಪೇಸ್ಟ್ ಹಾಕಿ ತಿಕ್ಕುವವರಿದ್ದಾರೆ. ದಯವಿಟ್ಟು ಬೇಡ. ಪುಡಿಯ ಒಂದೊಂದು ಕಣವೂ ಬೆಳ್ಳಿಯ ಮೇಲೆ ಗೀಚುತ್ತದೆ. ಆಮೇಲೆ ಅಚ್ಚಿನ ಗೆರೆ ಯಾವುದು, ನಿಮ್ಮ ಕೈಯಾರೆ ಬಂದ ಗೆರೆ ಯಾವುದು ಎಂದು ನಿಮಗೇ ತಿಳಿಯುವುದಿಲ್ಲ. ನಾಣ್ಯದ ಬೆಲೆ ಬೀಳುವುದು ಬೇರೆ. ಅಕ್ಷರಗಳ ಸಂದಿಯಲ್ಲಿ ಕುಂಕುಮ, ಅರಿಶಿನ ಕೂತಿದ್ದರೆ ಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಹಾಕಿ, ಮೆತ್ತನೆಯ ಹತ್ತಿ ಬಟ್ಟೆಯ ಮೇಲೆ ಮಗುಚಿಟ್ಟು ನೀರು ಹೀರಲು ಬಿಡಿ. ಒರೆಸಬೇಡಿ. ಕಪ್ಪು ಹಾಗೇ ಇರಲಿ. ಉಬ್ಬುಗೆರೆಯ ಎರಡು ಬದಿಗೆ ಕೂತ ಕಪ್ಪೇ ಅದನ್ನು ಎತ್ತಿ ತೋರಿಸುತ್ತದೆ.

ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು ಆದೀತು, 10 ಪಟ್ಟು ದೊಡ್ಡದು ಮಾಡುವ ಲೂಪ್ ಇದ್ದರೆ ಒಳ್ಳೆಯದು. ಒಡವೆ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ, ಕತ್ತು ಬಗ್ಗಿಸಬಹುದಾದ ಒಂದೇ ಒಂದು ಟೇಬಲ್ ದೀಪ. ಕೋಣೆಯ ಟ್ಯೂಬ್‌ಲೈಟ್ ಆರಿಸಿಬಿಡಿ. ನಾಲ್ಕೂ ಕಡೆಯಿಂದ ಬೆಳಕು ಬಿದ್ದರೆ ನೆರಳು ಸಾಯುತ್ತದೆ, ನಮಗೆ ಬೇಕಾದದ್ದು ಆ ನೆರಳೇ.

ಉಬ್ಬೋ ತಗ್ಗೋ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು, ಹೆಚ್ಚಿನವರು ಎಡವುವುದೂ ಇಲ್ಲೇ. ಅಚ್ಚಿನಲ್ಲಿ ಸೀಳು ತಗ್ಗಾಗಿರುತ್ತದೆ, ಆದ್ದರಿಂದ ನಾಣ್ಯದಲ್ಲಿ ಅದು ಉಬ್ಬಾಗಿಯೇ ಬರಬೇಕು. ತಗ್ಗಿದ ಗೆರೆ ಕಂಡರೆ ಅದು ಗೀರು, ಅಥವಾ ಬಿಲ್ಲೆಯಲ್ಲೇ ಇದ್ದ ಸೀಳು, ಅಥವಾ ಒತ್ತುವಾಗ ನಡುವೆ ಸಿಕ್ಕಿಬಿದ್ದ ದಾರ, ಲೋಹದ ಎಳೆಯಂಥದ್ದೇನೋ. ಅಚ್ಚಿನ ಬಿರುಕು ಅಲ್ಲವೇ ಅಲ್ಲ.

ದೀಪವನ್ನು ಬಗ್ಗಿಸಿ, ಬೆಳಕು ನಾಣ್ಯದ ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಇಡಿ. ಉಬ್ಬುಗೆರೆಯಾದರೆ ದೀಪದ ಕಡೆಯ ಬದಿ ಹೊಳೆದು ಆಚೆ ಬದಿಯಲ್ಲಿ ನೆರಳು ಬೀಳುತ್ತದೆ. ತಗ್ಗಾದರೆ ಇದು ತಿರುವುಮುರುವು. ನಾಣ್ಯವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಗೆರೆ ದೀಪದ ನೇರಕ್ಕೆ ಬಂದಾಗ ಮಾಯವಾಗಿ, ಅಡ್ಡಕ್ಕೆ ಬಂದಾಗ ಎದ್ದು ಕಾಣುತ್ತದೆ. ಉಗುರಿನಿಂದಲೋ ಸೂಜಿಯಿಂದಲೋ ಮುಟ್ಟಿ ನೋಡುವ ಚಪಲವನ್ನು ಅದುಮಿಕೊಳ್ಳಿ.

ಫೋಟೋದಲ್ಲಿ ನೋಡುವಾಗ ಇನ್ನೊಂದು ಮೋಸವಿದೆ. ಬೆಳಕು ಯಾವ ಕಡೆಯಿಂದ ಬಂತು ಎಂದು ಗೊತ್ತಿಲ್ಲದಿದ್ದರೆ ನಮ್ಮ ಕಣ್ಣು ತಗ್ಗನ್ನು ಉಬ್ಬೆಂದೂ ಉಬ್ಬನ್ನು ತಗ್ಗೆಂದೂ ಓದಿಬಿಡುತ್ತದೆ. ಇದಕ್ಕೆ ಮದ್ದು ಸುಲಭ: ಅದೇ ಫೋಟೋದಲ್ಲಿ ಒಂದು ಅಕ್ಷರ ಹುಡುಕಿ. ಅಕ್ಷರ ಉಬ್ಬಿದೆ ಎಂಬುದರಲ್ಲಿ ಅನುಮಾನವಿಲ್ಲ. ಅದರ ನೆರಳು ಯಾವ ಬದಿಗಿದೆಯೋ ಗೆರೆಯ ನೆರಳೂ ಅದೇ ಬದಿಗಿದ್ದರೆ ಗೆರೆ ಉಬ್ಬಿದ್ದು. ಒಮ್ಮೆ ನಾನು ಫೋಟೋ ನೋಡಿಯೇ ಒಂದು ರೂಪಾಯಿ ತರಿಸಿಕೊಂಡೆ. ನನ್ನ ‘ಬಿರುಕು’ ಪ್ಲಾಸ್ಟಿಕ್ ಕವರಿನೊಳಗೆ ಸಿಕ್ಕಿಕೊಂಡಿದ್ದ ತಲೆಗೂದಲಾಗಿತ್ತು. ಅಕ್ಷರದ ನೆರಳಿನ ಪಾಠವನ್ನು ಕಲಿತದ್ದು ಆ ಮೇಲೆಯೇ.

ಆಳವಾದ ಗೀರಿನ ಎರಡು ದಡದಲ್ಲೂ ಉತ್ತಿದ ಮಣ್ಣಿನ ಹಾಗೆ ಲೋಹ ಎದ್ದಿರುತ್ತದೆ. ಆ ದಡವನ್ನು ಉಬ್ಬುಗೆರೆ ಎಂದು ತಿಳಿಯಬೇಡಿ, ನಡುವಿನ ಸಾಲನ್ನು ನೋಡಿ.

ಗೆರೆಯ ದಾರಿ ಹಿಡಿಯಿರಿ

ಉಬ್ಬಿದ್ದೆಂದು ಖಾತ್ರಿಯಾದ ಮೇಲೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ. ಅಚ್ಚಿನ ಬಿರುಕು ನೆಟ್ಟಗೆ ಗೀಟು ಎಳೆದಂತೆ ಇರುವುದು ಅಪರೂಪ. ಒಣಗಿದ ಕೆರೆಯಂಗಳದ ಬಿರುಕಿನಂತೆ ಸ್ವಲ್ಪ ಅಂಕುಡೊಂಕು, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣಗಾಗುತ್ತ ಕರಗುತ್ತದೆ. ಸಾಮಾನ್ಯವಾಗಿ ದಪ್ಪ ತುದಿ ಅಂಚಿನ ಕಡೆಗಿರುತ್ತದೆ. ಬಯಲನ್ನು, ಅಂದರೆ ಚಿತ್ರ ಅಕ್ಷರಗಳಿಲ್ಲದ ಸಪಾಟು ಜಾಗವನ್ನು, ದಾಟಿ ಅಕ್ಷರವನ್ನೂ ದಾಟಿ ಮುಂದಕ್ಕೆ ಹೋಗುತ್ತದೆ.

ಒಂದೇ ದಿಕ್ಕಿನಲ್ಲಿ ಹತ್ತಾರು ಸಣ್ಣ ಉಬ್ಬುಗೆರೆಗಳು ಸಾಲಾಗಿದ್ದು, ಅಕ್ಷರದ ಬುಡಕ್ಕೆ ಬಂದು ನಿಂತುಬಿಟ್ಟರೆ ಅದು ಅಚ್ಚಿಗೆ ಪಾಲಿಶ್ ಹಾಕಿದಾಗ ಬಿದ್ದ ಗೀರು. ಪಾಲಿಶ್ ಕಲ್ಲು ಅಚ್ಚಿನ ಬಯಲನ್ನು ಮುಟ್ಟುತ್ತದೆ, ಅಕ್ಷರದ ಗುಂಡಿಯೊಳಗೆ ಇಳಿಯುವುದಿಲ್ಲ. ಇನ್ನು ಗೆರೆಯ ಬದಲು ಅಂಚಿಗೆ ಅಂಟಿಕೊಂಡು ಗಡ್ಡೆಯಂಥ ಉಬ್ಬು ಇದ್ದರೆ ಅಚ್ಚಿನ ಒಂದು ಚೂರು ಪೂರ್ತಿ ಮುರಿದು ಬಿದ್ದಿದೆ ಎಂದರ್ಥ. ಇದನ್ನು ಸಂಗ್ರಾಹಕರು ‘ಕಡ್’ ಎನ್ನುತ್ತಾರೆ.

ಕಡ್ ವಿಷಯದಲ್ಲಿ ನಮ್ಮ ಕಡೆಯವರು ವಿಶೇಷ ಎಚ್ಚರ ವಹಿಸಬೇಕು. ಲಂಬಾಣಿ ಹೆಂಗಸರ ಸರಗಳಲ್ಲಿ ಮತ್ತು ಹಳೆಯ ಒಡವೆಗಳಲ್ಲಿ ಬೆಳ್ಳಿ ರೂಪಾಯಿಗೆ ಬೆಸುಗೆ ಹಾಕಿ ಕೊಂಡಿ ಕೂರಿಸುತ್ತಿದ್ದರು. ಆ ಕೊಂಡಿ ಕಿತ್ತು ಮಾರಿದ ನಾಣ್ಯಗಳಲ್ಲಿ ಅಂಚಿನ ಬಳಿ ಬೆಸುಗೆಯ ಗಡ್ಡೆ ಉಳಿದಿರುತ್ತದೆ. ನಿಜವಾದ ಕಡ್ ಆದರೆ, ನಾಣ್ಯ ಮಗುಚಿದಾಗ ಅದೇ ಜಾಗದ ಬೆನ್ನಿನಲ್ಲಿ ಅಕ್ಷರ ಅಥವಾ ಹೂಬಳ್ಳಿ ಮಸುಕಾಗಿ ಮೂಡಿರುತ್ತದೆ. ಬೆಳ್ಳಿ ಮುರಿದ ಗುಂಡಿಯ ಕಡೆಗೆ ಹರಿದುಹೋಗಿ ಇತ್ತ ಕಡೆ ತುಂಬಲು ಸಾಲದೆ ಬಂದಿರುತ್ತದೆ. ಬೆಸುಗೆಯ ಗಡ್ಡೆಯ ಬೆನ್ನಿನಲ್ಲಿ ಎಲ್ಲವೂ ಚೊಕ್ಕವಾಗಿರುತ್ತದೆ.

ಟಿಪ್ಪುವಿನ ಕಾಲದ ಇಮಾಮಿ ರೂಪಾಯಿಯಂಥ ಕೈಯೇಟಿನ ನಾಣ್ಯಗಳ ಅಂಚಿನಲ್ಲಿ ಕಾಣುವ ಸೀಳು ಬೇರೆಯದೇ ಸಂಗತಿ. ಸುತ್ತಿಗೆ ಏಟಿಗೆ ಬಿಲ್ಲೆಯೇ ಹಿಗ್ಗಿ ಬಿರಿದದ್ದು ಅದು.

ಉಕ್ಕು ಯಾಕೆ ಒಡೆಯುತ್ತದೆ?

ಕಮ್ಮಾರನ ಕುಲುಮೆಯ ಮುಂದೆ ನಿಂತು ನೋಡಿದವರಿಗೆ ಗೊತ್ತು: ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದರಲ್ಲೇ ಎಲ್ಲ ಇದೆ. ಹದ ಹೆಚ್ಚಾದರೆ ಬಾಯಿ ಮುಕ್ಕಾಗುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. ನಾಣ್ಯದ ಅಚ್ಚಿನದೂ ಅದೇ ಕಥೆ. ಮೆತ್ತನೆಯ ಉಕ್ಕಿನ ಕಂಬಕ್ಕೆ ‘ಹಬ್’ ಎಂಬ ಉಬ್ಬುಚಿತ್ರದ ಮಾದರಿಯನ್ನು ಒತ್ತಿ ಅಚ್ಚು ಮಾಡುತ್ತಾರೆ. ಆಮೇಲೆ ಕಾಯಿಸಿ, ತಣಿಸಿ ಗಟ್ಟಿ ಮಾಡಿ, ಮತ್ತೆ ಹದವಾಗಿ ಕಾಯಿಸಿ ಅದರ ಬಿರುಸನ್ನು ಸ್ವಲ್ಪ ಇಳಿಸುತ್ತಾರೆ. ತಣಿಸುವಾಗ ಹೊರಮೈ ಮೊದಲು ಕುಗ್ಗಿ, ಒಳಗಿನ್ನೂ ಬಿಸಿ ಇರುವಾಗಲೇ ಎಷ್ಟೋ ಸಲ ಕಣ್ಣಿಗೆ ಕಾಣದ ಬಿರುಕಿನ ಬೀಜ ಬಿದ್ದುಬಿಡುತ್ತದೆ.

ಗಟ್ಟಿಯಾದ ಅಚ್ಚು ಕೆಲಸಕ್ಕೆ ಕೂತ ಮೇಲೆ ಪ್ರತಿ ಒತ್ತಿಗೂ ಬೆಳ್ಳಿ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹಾಗೆ ಹರಿಯುವಾಗ ಅಚ್ಚಿನ ಮುಖವನ್ನೂ ತನ್ನ ಜೊತೆ ಹೊರಕ್ಕೆ ಎಳೆಯುತ್ತದೆ. ಮರುಕ್ಷಣ ಒತ್ತಡ ಬಿಡುತ್ತದೆ. ಎಳೆ, ಬಿಡು, ಎಳೆ, ಬಿಡು. ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಕೊನೆಗೆ ತುಂಡಾಗುವುದಿಲ್ಲವೇ, ಅದೇ ದಣಿವು. ಇದಕ್ಕೆ ಕೇಡು ಕೂಡಿಸುವ ಸಂಗತಿಗಳು ಹಲವು. ಬಿಲ್ಲೆಯನ್ನು ಸರಿಯಾಗಿ ಕಾಯಿಸಿ ಮೆತ್ತಗೆ ಮಾಡದಿದ್ದರೆ ಅಚ್ಚಿಗೆ ಬೀಳುವ ಹೊರೆ ಹೆಚ್ಚು. ಒತ್ತುವಾಗ ನಡುವೆ ಬಿಲ್ಲೆ ಇಲ್ಲದೆ ಮೇಲಚ್ಚು ಕೆಳಗಚ್ಚಿಗೇ ಬಡಿದರೆ ಇನ್ನೂ ಕೆಟ್ಟದು. ಚಿತ್ರ ತೀರ ಆಳವಾಗಿದ್ದರೂ ಕಷ್ಟ: ಅಮೆರಿಕದ ಪೀಸ್ ಡಾಲರ್ 1921ರಲ್ಲಿ ಎತ್ತರದ ಉಬ್ಬಿನೊಂದಿಗೆ ಬಂತು, ಅಚ್ಚುಗಳು ತಾಳಲಾರದೆ 1922ರಲ್ಲೇ ಉಬ್ಬನ್ನು ತಗ್ಗಿಸಬೇಕಾಯಿತು.

ಒಂದೇ ಜಾಗ, ಮತ್ತೆ ಮತ್ತೆ

ಬಿರುಕು ‘ಮರುಕಳಿಸುವುದು’ ಎರಡು ಬಗೆ. ಇವೆರಡನ್ನು ಬೆರೆಸಿಬಿಟ್ಟರೆ ಲೆಕ್ಕವೆಲ್ಲ ತಪ್ಪುತ್ತದೆ.

ಮೊದಲನೆಯದು ಸಕ್ಕರೆ ಆನೆಯ ಬಗೆ. ಒಂದೇ ಅಚ್ಚು ಸಾವಿರಾರು, ಕೆಲವೊಮ್ಮೆ ಲಕ್ಷಗಟ್ಟಲೆ ನಾಣ್ಯ ಒತ್ತುತ್ತದೆ. ಬಿರುಕು ಬಿಟ್ಟಿತೆಂದು ಕೂಡಲೇ ತೆಗೆದು ಎಸೆಯುವುದಿಲ್ಲ. ಹಾಗಾಗಿ ಆಮೇಲೆ ಬಂದ ನಾಣ್ಯಗಳೆಲ್ಲ ಅದೇ ಗೆರೆ ಹೊತ್ತು ಬರುತ್ತವೆ.

ಎರಡನೆಯದು ಹೆಚ್ಚು ಸ್ವಾರಸ್ಯದ್ದು: ಬೇರೆ ಬೇರೆ ಅಚ್ಚುಗಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಒಡೆಯುವುದು. ಅಚ್ಚುಗಳೆಲ್ಲ ಒಂದೇ ‘ಹಬ್’ನ ಪಡಿಯಚ್ಚುಗಳು. ಚಿತ್ರದ ಚೂಪು ಮೂಲೆ ಎಲ್ಲಿದೆಯೋ ಎಲ್ಲ ಅಚ್ಚಿನಲ್ಲೂ ಅಲ್ಲೇ ಇರುತ್ತದೆ, ಎಳೆತ ಕೂಡಿಕೊಳ್ಳುವುದೂ ಅಲ್ಲೇ. ಅಂಚಿನ ಒಳಸುತ್ತಿನಲ್ಲಿ ಸಾಲಾಗಿ ಅಕ್ಷರಗಳೋ ನಕ್ಷತ್ರಗಳೋ ಇದ್ದರೆ, ಅಚ್ಚಿನ ಮಟ್ಟಿಗೆ ಅವೆಲ್ಲ ಸಾಲು ಗುಂಡಿಗಳು. ಬಿರುಕಿಗೆ ಒಂದು ಗುಂಡಿಯಿಂದ ಇನ್ನೊಂದಕ್ಕೆ ಜಿಗಿಯುವುದೇ ಸಲೀಸು ದಾರಿ. ಆದ್ದರಿಂದಲೇ ಮಾರ್ಗನ್ ಡಾಲರ್‌ನಲ್ಲಿ ನಕ್ಷತ್ರಗಳನ್ನೂ ಇಸವಿಯನ್ನೂ ಪೋಣಿಸಿದ ಹಾಗೆ ವೃತ್ತಾಕಾರದ ಗೆರೆ ಮತ್ತೆ ಮತ್ತೆ ಕಾಣುತ್ತದೆ. ಜಾರ್ಜ್ ರೂಪಾಯಿಯ ಮುಮ್ಮುಖದಲ್ಲಿ ದೊರೆಯ ಹೆಸರಿನ ಅಕ್ಷರಗಳ ಬುಡವನ್ನು ಹೊಲಿಗೆ ಹಾಕಿದಂತೆ ಗೆರೆ ಬಂದರೆ ಕಾರಣ ಇದೇ.

ಇನ್ನು ಅವಸರ. 1878ರ ಬ್ಲಾಂಡ್–ಆಲಿಸನ್ ಕಾಯ್ದೆಯ ಪ್ರಕಾರ ಅಮೆರಿಕದ ಖಜಾನೆ ತಿಂಗಳಿಗೆ 20ರಿಂದ 40 ಲಕ್ಷ ಡಾಲರ್ ಬೆಲೆಯ ಬೆಳ್ಳಿ ಕೊಂಡು ನಾಣ್ಯ ಮಾಡಲೇಬೇಕಿತ್ತು. ಅಂಥ ಒತ್ತಾಯವಿರುವ ಕಡೆ ಬಿರುಕಿನ ಅಚ್ಚನ್ನು ಇನ್ನೊಂದಿಷ್ಟು ದಿನ ಓಡಿಸುವುದು ಸಹಜ. ನ್ಯೂ ಆರ್ಲಿಯನ್ಸ್‌ನಲ್ಲಿ ಒತ್ತಿದ 1888ರ ಒಂದು ಬಗೆಯ ಡಾಲರ್‌ನಲ್ಲಿ ಬಿರುಕು ಅಂಚಿನಿಂದ ಹೊರಟು, ನಾಣ್ಯದ ಮೇಲಿನ ಸ್ವಾತಂತ್ರ್ಯದೇವಿ ಲಿಬರ್ಟಿಯ ಮುಖವನ್ನು ಸೀಳಿಕೊಂಡು ಕುತ್ತಿಗೆಯವರೆಗೆ ಇಳಿಯುತ್ತದೆ. ಸಂಗ್ರಾಹಕರು ಇದನ್ನು ‘ಸ್ಕಾರ್‌ಫೇಸ್’ (ಗಾಯದ ಕಲೆಯ ಮುಖ) ಎಂದು ಕರೆಯುತ್ತಾರೆ. ಆ ಅಚ್ಚಿನಿಂದ ಅಷ್ಟು ಹೊತ್ತು ಕೆಲಸ ತೆಗೆದವರ ಧೈರ್ಯವನ್ನು ಮೆಚ್ಚಬೇಕು.

ನೆಂಟಸ್ತನದ ಮಾತು ಇಲ್ಲಿ ಬರುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಬೆಳ್ಳಿಗೆ ಎಷ್ಟು ಬರ ಬಂತೆಂದರೆ 1917ರ ನವೆಂಬರ್ 30ರಂದು ಸರ್ಕಾರ ಮೊದಲ ಬಾರಿಗೆ ಒಂದು ರೂಪಾಯಿಯ ಕಾಗದದ ನೋಟು ತಂದಿತು. ಜನ ನೋಟು ಕೊಟ್ಟು ಬೆಳ್ಳಿ ಕೇಳುತ್ತಿದ್ದರು. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ ತನ್ನ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿತು. ಅದರಲ್ಲಿ ಸುಮಾರು 25.9 ಕೋಟಿ ಡಾಲರ್‌ಗಳ ಬೆಳ್ಳಿ ಬ್ರಿಟನ್ನಿನ ಮೂಲಕ ಭಾರತದ ರೂಪಾಯಿಗಾಗಿ ಬಂತು. 1918ರಲ್ಲಿ ಕಲ್ಕತ್ತಾ ಮತ್ತು ಮುಂಬೈ ಟಂಕಸಾಲೆಗಳು ಸೇರಿ 40 ಕೋಟಿಗೂ ಮೀರಿ ರೂಪಾಯಿ ಒತ್ತಿದವು. ಒಂದು ಜೊತೆ ಅಚ್ಚು 2 ಲಕ್ಷ ನಾಣ್ಯ ಬಾಳಿತು ಎಂದು ಬರಿಯ ಲೆಕ್ಕಕ್ಕೆ ಹಿಡಿದರೂ ಎರಡು ಸಾವಿರ ಜೊತೆ ಅಚ್ಚು ಬೇಕು. ಅಷ್ಟರಲ್ಲಿ ಬಿರುಕು ಬಿಟ್ಟದ್ದು ಎಷ್ಟೋ. ನಿಮ್ಮ ಅಜ್ಜಿಯ ಡಬ್ಬಿಯ 1918ರ ರೂಪಾಯಿಯಲ್ಲಿ, ಹಿಂದೊಮ್ಮೆ ಬೇರೆ ಬಿರುಕನ್ನು ಹೊತ್ತಿದ್ದ ಡಾಲರ್ ಕರಗಿ ಕೂತಿದ್ದರೂ ಆಶ್ಚರ್ಯವಿಲ್ಲ. ಅತ್ತ ಅಮೆರಿಕ ಖಾಲಿಯಾದದ್ದನ್ನು ತುಂಬಲು 1921ರಲ್ಲಿ ಮತ್ತೆ ಮಾರ್ಗನ್ ಡಾಲರ್ ಒತ್ತಿತು, ಒಂದೇ ವರ್ಷದಲ್ಲಿ 8.6 ಕೋಟಿಗೂ ಹೆಚ್ಚು. ಆ ವರ್ಷದ ನಾಣ್ಯಗಳಲ್ಲಿ ಬಿರುಕು ಮಾಮೂಲು.

ಒಂದೇ ಅಚ್ಚಿನದೋ ಅಲ್ಲವೋ?

ಎರಡು ನಾಣ್ಯಗಳನ್ನು ಅಕ್ಕಪಕ್ಕ ಇಡಿ. ಬಿರುಕು ಒಂದೇ ಜಾಗದಲ್ಲಿದೆ ಎಂದಷ್ಟೇ ನೋಡಿ ತೀರ್ಪು ಕೊಡಬೇಡಿ, ಎರಡನೇ ಸಾಕ್ಷಿ ಬೇಕು. ಮಾರ್ಗನ್ ಡಾಲರ್‌ನಲ್ಲಿ ಇದು ಸುಲಭ. 1904ರವರೆಗೆ ಇಸವಿಯನ್ನೂ ಟಂಕಸಾಲೆಯ ಗುರುತಿನ ಅಕ್ಷರವನ್ನೂ ಒಂದೊಂದು ಅಚ್ಚಿಗೂ ಕೈಯಿಂದಲೇ ಒತ್ತುತ್ತಿದ್ದರು, ಹಾಗಾಗಿ ಅವು ಕೂದಲೆಳೆಯಷ್ಟು ಆಚೀಚೆ ಇದ್ದೇ ಇರುತ್ತವೆ. ವ್ಯಾನ್ ಆಲೆನ್ ಮತ್ತು ಮ್ಯಾಲಿಸ್ ಎಂಬಿಬ್ಬರು ಮಾಡಿದ ವಿಂಗಡಣೆಯಲ್ಲಿ (ಅವರ ಹೆಸರಿನಿಂದಲೇ ‘ವ್ಯಾಮ್’ ಸಂಖ್ಯೆ ಬಂತು) ಇಂಥ ವ್ಯತ್ಯಾಸಗಳನ್ನೇ ಗುರುತಿಟ್ಟಿದ್ದಾರೆ.

ನಮ್ಮ ರೂಪಾಯಿಗೆ ಅಷ್ಟು ಸವಲತ್ತಿಲ್ಲ. ಮೊದಲು ಟಂಕಸಾಲೆ ನೋಡಿ: ಜಾರ್ಜ್ ರೂಪಾಯಿಯ ಹಿಮ್ಮುಖದ ಕೆಳಗಿನ ತಾವರೆಯಡಿ ಚಿಕ್ಕ ಚುಕ್ಕೆ ಇದ್ದರೆ ಮುಂಬೈ, ಇಲ್ಲದಿದ್ದರೆ ಕಲ್ಕತ್ತಾ. ಒಂದರಲ್ಲಿ ಚುಕ್ಕೆ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹಿಮ್ಮುಖದ ಅಚ್ಚು ಬೇರೆ, ಅಲ್ಲಿಗೆ ಆ ಮಾತು ಮುಗಿಯಿತು. ಎರಡೂ ಒಂದೇ ಟಂಕಸಾಲೆಯದಾದರೆ ಪಾಲಿಶ್ ಗೀರು, ಅಕ್ಷರದೊಳಗಿನ ಸಣ್ಣ ಮುಕ್ಕು, ಬಿರುಕಿನ ಅಂಕುಡೊಂಕಿನ ಪ್ರತಿ ತಿರುವು ಹೋಲಿಸಿ. ಜಾಗ ಒಂದೇ ಆಗಿ ತಿರುವು ಬೇರೆಯಾದರೆ, ಮೇಲೆ ಹೇಳಿದ ಎರಡನೇ ಬಗೆ.

ಒಂದೇ ಅಚ್ಚಿನವೆಂದು ಖಾತ್ರಿಯಾದರೆ ಅವುಗಳನ್ನು ವಯಸ್ಸಿನ ಸಾಲಿನಲ್ಲಿ ನಿಲ್ಲಿಸಬಹುದು. ಬಿರುಕು ಬೆಳೆಯುತ್ತದೆ, ಮರಳಿ ಕೂಡಿಕೊಳ್ಳುವುದಿಲ್ಲ. ಗೆರೆ ಚಿಕ್ಕದಿರುವ ನಾಣ್ಯ ಮೊದಲು ಹುಟ್ಟಿದ್ದು, ಕವಲೊಡೆದದ್ದು ಆಮೇಲಿನದು, ಬಿರುಕಿನ ಎರಡು ಬದಿಯ ಬಯಲು ಮೇಲೆ ಕೆಳಗಾಗಿದ್ದರೆ ಇನ್ನೂ ಆಮೇಲಿನದು, ಕಡ್ ಬಂದದ್ದು ಕೊನೆಯದು. ಒಂದು ಎಚ್ಚರಿಕೆ: ಸವೆದ ನಾಣ್ಯದಲ್ಲಿ ಬಿರುಕಿನ ತೆಳು ತುದಿ ಅಳಿಸಿಹೋಗಿರುತ್ತದೆ. ಸವೆತವನ್ನು ಎಳೆತನ ಎಂದುಕೊಳ್ಳಬೇಡಿ.

ನಕಲಿಯ ಗುರುತು

ಗೆರೆ ಮರುಕಳಿಸಿದರೆ ಅನುಮಾನ ಪಡಬೇಕಿಲ್ಲ, ಏಟು ಮರುಕಳಿಸಿದರೆ ಪಡಬೇಕು. ಚೀಲದಲ್ಲಿ ನಾಣ್ಯಕ್ಕೆ ನಾಣ್ಯ ತಾಗಿ ಬಿದ್ದ ತಗ್ಗು, ಅಂಚಿನ ನೆಗ್ಗು, ಗೀರು ಇವೆಲ್ಲ ಆಯಾ ನಾಣ್ಯದ ಸ್ವಂತ ಹಣೆಬರಹ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ತಗ್ಗುಗಳು ಕಂಡರೆ ಎರಡನ್ನೂ ಒಂದೇ ಅಸಲಿ ನಾಣ್ಯದ ಮಾದರಿಯಿಂದ ತಯಾರಿಸಿದ್ದಾರೆ. ಎರಕದ ನಕಲಿಯಲ್ಲಿ ಬಿರುಕು ಕೂಡ ಮೊಂಡಾಗಿ, ಸಾಬೂನು ಸವೆದಂತೆ ಕಾಣುತ್ತದೆ, ಬಯಲಿನಲ್ಲಿ ಗುಳ್ಳೆಯ ಚುಕ್ಕೆಗಳಿರುತ್ತವೆ.

ತೂಕ ನೋಡಿ. ಆಮೇಲೆ ನೀರಿನ ಪರೀಕ್ಷೆ: ತಕ್ಕಡಿಯ ಮೇಲೆ ಚಿಕ್ಕ ಲೋಟದಲ್ಲಿ ನೀರಿಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ನಾಣ್ಯದ ತೂಕವನ್ನು ತಕ್ಕಡಿ ತೋರಿಸಿದ ಅಂಕಿಯಿಂದ ಭಾಗಿಸಿ. ಜಾರ್ಜ್ ರೂಪಾಯಿಗೆ 10.3ರ ಆಸುಪಾಸು ಬರಬೇಕು. ಸವೆಯದ ನಾಣ್ಯವಾದರೆ ತಕ್ಕಡಿ 1.13 ಗ್ರಾಂನ ಹತ್ತಿರ ತೋರಿಸುತ್ತದೆ. 26.73 ಗ್ರಾಂ ತೂಗುವ ಮಾರ್ಗನ್ ಡಾಲರ್‌ಗೂ ಭಾಗಲಬ್ಧ 10.3ರ ಹತ್ತಿರವೇ. 8 ಅಥವಾ 9 ಬಂದರೆ ಬಿರುಕಿನ ಚರ್ಚೆ ಅಲ್ಲಿಗೇ ಬಿಡಿ. 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಗೆ ಈ ಲೆಕ್ಕ ಹಾಕಬೇಡಿ, ಅದರಲ್ಲಿ ಬೆಳ್ಳಿ ಅರ್ಧ ಪಾಲು ಮಾತ್ರ.

ಬೆಲೆಯ ಮಾತು

‘ಎರರ್ ಕಾಯಿನ್, ಅತಿ ಅಪರೂಪ’ ಎಂದು ಸಾವಿರಗಟ್ಟಲೆ ಬೆಲೆ ಹೇಳುವ ಜಾಹೀರಾತುಗಳನ್ನು ನಂಬಬೇಡಿ. ನನ್ನ ಪ್ರಕಾರ ಸಾಮಾನ್ಯ ಬಿರುಕಿಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಿಲ್ಲ. ದೊಡ್ಡ ಕಡ್, ಮುಖವನ್ನೇ ಸೀಳಿದ ಬಿರುಕು, ಹೆಸರು ಪಡೆದ ಬಗೆ ಇವಕ್ಕೆ ಬೇಡಿಕೆ ಇದೆ. ಅದೂ ನಾಣ್ಯ ಸವೆಯದೆ, ಉಜ್ಜಿಸಿಕೊಳ್ಳದೆ ಉಳಿದಿದ್ದರೆ.

ವಿದೇಶದಲ್ಲಿರುವ ಕನ್ನಡಿಗರು ಊರಿಗೆ ಬಂದಾಗ ಅಜ್ಜಿಯ ರೂಪಾಯಿಯನ್ನು ಜೇಬಿಗೆ ಹಾಕಿಕೊಂಡು ಹೋಗುವ ಮುನ್ನ ಯೋಚಿಸಲಿ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ಐದನೇ ಜಾರ್ಜ್ ದೊರೆಯ 1918ರ ರೂಪಾಯಿ ಈಗ ಆ ಗೆರೆಯನ್ನೂ ದಾಟಿದೆ.

ಬರೆದಿಡಿ

ಎರಡು ಲೋಟ ಮಗುಚಿ ಅವುಗಳ ಮೇಲೆ ಫೋನ್ ಅಡ್ಡ ಇಟ್ಟು, ಕೆಳಗೆ ನಾಣ್ಯವಿಟ್ಟರೆ ಕೈ ನಡುಗದ ಫೋಟೋ ಸಿಗುತ್ತದೆ. ದೀಪದ ಜಾಗ ಪ್ರತಿ ಸಲವೂ ಒಂದೇ ಇರಲಿ. ಬಿರುಕಿನ ಜಾಗವನ್ನು ಗಡಿಯಾರದ ಲೆಕ್ಕದಲ್ಲಿ ಬರೆಯಿರಿ, ತಲೆ ನೇರ ನಿಂತಾಗ ಮೇಲ್ತುದಿ 12 ಗಂಟೆ. ನಾಣ್ಯವನ್ನು ಮೆತ್ತನೆಯ ಪಿವಿಸಿ ಕವರಿನಲ್ಲಿ ಇಡಬೇಡಿ, ಕಾಲಕ್ರಮೇಣ ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಚೀಟಿ ಹೀಗಿದ್ದರೆ ಸಾಕು: ‘1918, ಮುಂಬೈ, 11.58 ಗ್ರಾಂ. ಮುಮ್ಮುಖ, 4 ಗಂಟೆಯ ಅಂಚಿನಿಂದ ಎರಡು ಅಕ್ಷರ ದಾಟಿ ಭುಜದವರೆಗೆ ಉಬ್ಬುಗೆರೆ, ಕವಲಿಲ್ಲ. ಹಿಮ್ಮುಖ ಶುದ್ಧ.’ ಮುಂದೆ ಚಿನಿವಾರರ ಅಂಗಡಿಯಲ್ಲೋ ನಾಣ್ಯ ಪ್ರದರ್ಶನದಲ್ಲೋ ಅದೇ ಇಸವಿಯ ಇನ್ನೊಂದು ಕೈಗೆ ಬಂದಾಗ ಮೊದಲು ತಿರುಗಿಸಿ ನೋಡಬೇಕಾದದ್ದು 4 ಗಂಟೆಯ ಕಡೆ.